ಪಟ್ಟವಿಲ್ಲದ ಹಿರಿತನ: ಕೇಡಗಾವ್‌ನ ಮುಕ್ತಿ ಸದನ ಮತ್ತು ಪಂಡಿತಾ ರಮಾಬಾಯಿ

ಹಲವು ಪ್ರಾಟೆಸ್ಟಂಟ್ ಸಭೆಗಳಲ್ಲಿ ‘ಹಿರಿಯರು’ ಎಂದರೆ ಒಂದು ಹುದ್ದೆ. ಸಭಾಪಾಲಕರ ಜೊತೆ ಕೂತು ಆಡಳಿತ ನೋಡುವ ಆ ಹುದ್ದೆ ಹತ್ತೊಂಬತ್ತನೆಯ ಶತಮಾನದಲ್ಲಿ ಗಂಡಸರದಾಗಿತ್ತು. ಹಾಗಿರುವಾಗ ಹೆಂಗಸೊಬ್ಬರು ಸಮುದಾಯಕ್ಕೆ ಹಿರಿಯರಾದದ್ದು ಯಾವ ಬಲದಿಂದ? ಪಂಡಿತಾ ರಮಾಬಾಯಿಯವರ (1858–1922) ಬಾಳಿನ ಉತ್ತರಾರ್ಧವನ್ನು ಈ ಪ್ರಶ್ನೆಯೊಂದಿಗೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ರಮಾಬಾಯಿಯವರ ನೆನಪು ಎರಡು ಪಾಲಾಗಿದೆ. ಸಮಾಜ ಸುಧಾರಣೆಯ ಚರಿತ್ರೆಗೆ ಬೇಕಾದದ್ದು 1882ರ ಆರ್ಯ ಮಹಿಳಾ ಸಮಾಜ, ವಿಧವೆಯರಿಗಾಗಿ 1889ರಲ್ಲಿ ತೆರೆದ ಶಾರದಾ ಸದನ. ಮತಾಂತರದ ಆಪಾದನೆ ಎದ್ದು, 1893ರಲ್ಲಿ ರಾನಡೆ, ಭಾಂಡಾರಕರ್ ಮುಂತಾದ ಸುಧಾರಕರು ಸದನದಿಂದ ಹಿಂದೆ ಸರಿದ ಮೇಲೆ ಆ ಚರಿತ್ರೆ ಬಹುಮಟ್ಟಿಗೆ ಮೌನ ತಾಳುತ್ತದೆ. ಮಿಷನ್ ಬರಹಗಳಿಗಾದರೋ ಕೇಡಗಾವ್‌ನಲ್ಲಿ ಅವರು ಕಟ್ಟಿದ ಆಶ್ರಯಧಾಮ ಮುಕ್ತಿ ಸದನದಲ್ಲಿ ಕಂಡ 1905ರ ಆತ್ಮಿಕ ಜಾಗೃತಿಯೇ ಮುಖ್ಯ. ಈ ಎರಡರ ನಡುವೆ ಮರೆಯಾದದ್ದು ಕೇಡಗಾವ್‌ನ ದಿನನಿತ್ಯದ ಸಂಸಾರ.

ಹುದ್ದೆಯ ಅಧಿಕಾರದೊಡನೆ ರಮಾಬಾಯಿಯವರಿಗಿದ್ದ ಜಗಳ ಹಳೆಯದು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರೂ ಸಸ್ಯಾಹಾರ ಬಿಡಲಿಲ್ಲ, ಒಪ್ಪಲಾಗದ ತತ್ವಗಳಿಗೆ ತಲೆಯಾಡಿಸಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಯೋಚನೆಗೆ ಬಿಷಪರು ಅಡ್ಡ ಬಂದರು. ತಮ್ಮ ಆತ್ಮಸಾಕ್ಷಿಗೆ ಪಾದ್ರಿಗಳು ಒಡೆಯರಲ್ಲ ಎಂಬ ನಿಲುವು, 1977ರಲ್ಲಿ ಎ. ಬಿ. ಶಾ ಸಂಪಾದಿಸಿ ಪ್ರಕಟವಾದ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಅವರ ಹಿರಿತನ ಬೆಳೆದದ್ದು ಬರದ ನೆಲದಲ್ಲಿ. 1870ರ ದಶಕದ ಹಸಿವಿನಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡವರು ಅವರು. 1896–97ರಲ್ಲಿ ಮಧ್ಯ ಪ್ರಾಂತಕ್ಕೆ ಬರ ಬಡಿದಾಗ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಮತ್ತೊಂದು ಬರ ಕಳೆಯುವಷ್ಟರಲ್ಲಿ, ಪುಣೆಯ ಪೂರ್ವಕ್ಕಿರುವ ಕೇಡಗಾವ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಒಂದೇ ಆಶ್ರಯದಲ್ಲಿದ್ದರು. ಇಷ್ಟು ಜನರ ಕೂಳು, ನೀರು, ಆರೈಕೆ ಒಬ್ಬರ ಕರುಣೆಯಿಂದಷ್ಟೇ ಸಾಗುವ ಕೆಲಸವಲ್ಲ. ಶಾರದಾ ಸದನದಲ್ಲಿ ಕಲಿತವರು ಹೊಸಬರಿಗೆ ಉಪಾಧ್ಯಾಯಿನಿಯರೂ ಮೇಲ್ವಿಚಾರಕಿಯರೂ ಆದರು. ಬಾವಿ ತೋಡಿಸಿದರು, ಹೊಲ, ಮಗ್ಗ, ಎಣ್ಣೆಗಾಣ, ಮುದ್ರಣಾಲಯ ನಡೆದವು, ಕುರುಡರಿಗೆ ಬ್ರೈಲ್ ಕಲಿಸಲಾಯಿತು. ಆಶ್ರಯ ಪಡೆದವಳೇ ಇನ್ನೊಬ್ಬಳಿಗೆ ಆಶ್ರಯವಾಗುವ ಈ ಸರಪಳಿಯೇ ಅಲ್ಲಿನ ಮಾತೃತ್ವದ ವ್ಯವಸ್ಥೆ. ಇದರಲ್ಲಿ ಶಿಸ್ತೂ ಇತ್ತು, ಮತಪ್ರಚಾರವೂ ಇತ್ತು. ಅನ್ನ ಕೊಟ್ಟ ಕೈ ನಂಬಿಕೆಯನ್ನೂ ಕೊಟ್ಟಾಗ ಆಯ್ಕೆಯ ಸ್ವಾತಂತ್ರ್ಯ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಭಕ್ತಿಯ ನೆನಪು ಬದಿಗೆ ಸರಿಸಬಾರದು.

ಈ ಹಿರಿತನಕ್ಕೆ ಒಳ್ಳೆಯ ಸಾಕ್ಷಿ ಅವರ ಮರಾಠಿ ಬೈಬಲ್. ಹೀಬ್ರೂ, ಗ್ರೀಕ್ ಮೂಲಗಳಿಂದ ಅನುವಾದಿಸುವಾಗ, ಸಂಸ್ಕೃತದಲ್ಲಿ ‘ಪಂಡಿತಾ’, ‘ಸರಸ್ವತಿ’ ಬಿರುದು ಪಡೆದಿದ್ದವರೇ ಸಂಸ್ಕೃತದ ಭಾರ ಇಳಿಸಿ, ಓದುಬರಹ ಕಡಿಮೆಯಿದ್ದ ಹೆಂಗಸರಿಗೂ ದಕ್ಕುವ ಮಾತನ್ನು ಹುಡುಕಿದರು. ಅಚ್ಚಿನಮೊಳೆ ಜೋಡಿಸಿದವರು ಮುಕ್ತಿ ಸದನದ ಹೆಂಗಸರೇ. ಹೆಂಗಸರಿಗೆ ವಿದ್ಯೆ ದಕ್ಕಿಸುವ ಈ ದಾರಿಯ ಮೊದಲ ಹೆಜ್ಜೆ ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿದೆ. ಅಲ್ಲಿ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ವಿರೋಧ ಲೆಕ್ಕಿಸದೆ, ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದರು. ನಸುಕಿನಲ್ಲಿ ಎದ್ದು ಮಗಳಿಗೆ ಪಾಠ ಹೇಳಿದವರು ಆ ತಾಯಿ.

ಕರ್ನಾಟಕದ ನಂಟು ಮುಂದಿನ ತಲೆಮಾರಿಗೂ ಬಂತು: ಮಗಳು ಮನೋರಮಾ ಕಲಬುರಗಿಯಲ್ಲಿ ಶಾಲೆ ತೆರೆದರು. ತಾಯಿಯ ಹೊಣೆ ಹೊರಬೇಕಿದ್ದ ಅವರು 1921ರಲ್ಲಿ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು. ಆದರೂ ಸದನ ಮುಚ್ಚಲಿಲ್ಲ. ಸರಪಳಿಯ ಉಳಿದ ಕೊಂಡಿಗಳು ಹಿಡಿದು ನಿಂತವು.

ಸಭೆಯ ತಾಯಂದಿರ ಚರಿತ್ರೆ ಬರೆಯುವವರಿಗೆ ಇಲ್ಲೊಂದು ಸೂಚನೆಯಿದೆ. ಹಿರಿಯರ ಸಭೆಯ ನಡವಳಿ ಪುಸ್ತಕದಲ್ಲಿ ಇವರ ಹೆಸರು ಸಿಗದಿದ್ದರೆ ಉಗ್ರಾಣದ ಲೆಕ್ಕ, ಶಾಲೆಯ ಹಾಜರಿ, ಮುದ್ರಣಾಲಯದ ಕರಡುಗಳತ್ತ ತಿರುಗಬೇಕು.