'ಅಂಕಲ್ ಟಾಮ್ಸ್ ಕ್ಯಾಬಿನ್': ಗ್ರಂಥದಿಂದ ರಂಗಕ್ಕೆ

ಶ್ರೀಮತಿ ಹ್ಯಾರಿಯೆಟ್ ಬೀಚರ್ ಸ್ಟೋ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ನಾಯಕನ ಹೆಸರು ಇಂದು ಅಮೆರಿಕದಲ್ಲಿ ಒಂದು ಬೈಗುಳವಾಗಿದೆ. ಬಿಳಿಯರ ಕೃಪೆಗಾಗಿ ಸ್ವಜನರಿಗೆ ಎರಡು ಬಗೆಯುವ ಕಪ್ಪುಜನಾಂಗದವನನ್ನು ಆ ಹೆಸರಿನಿಂದ ಹೀಯಾಳಿಸುತ್ತಾರೆ. ಆದರೆ ಗ್ರಂಥದಲ್ಲಿ ಟಾಮ್ ಪ್ರಾಣ ಬಿಡುವುದೇ ಸ್ವಜನರಿಗೆ ಎರಡು ಬಗೆಯಲೊಲ್ಲದ ಕಾರಣಕ್ಕಾಗಿ. ಈ ವೈಪರೀತ್ಯವು ಹೇಗೆ ಉಂಟಾಯಿತೆಂಬುದನ್ನು ಇಲ್ಲಿ ವಿಚಾರ ಮಾಡಬಹುದು.

ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಲು ಉತ್ತರದ ಸಂಸ್ಥಾನಗಳ ಪ್ರಜೆಗಳೂ ನೆರವಾಗಬೇಕೆಂದು 1850ರ ಶಾಸನವು ವಿಧಿಸಿತು. ಅದರಿಂದ ನೊಂದ ಶ್ರೀಮತಿ ಸ್ಟೋ 1851ರ ಜೂನ್ ತಿಂಗಳಿನಿಂದ ಪತ್ರಿಕೆಯೊಂದರಲ್ಲಿ ಕಥೆಯನ್ನು ಪ್ರಕಟಿಸತೊಡಗಿದರು. 1852ರ ಮಾರ್ಚ್ ತಿಂಗಳಿನಲ್ಲಿ ಗ್ರಂಥವಾಗಿ ಹೊರಬಂದ ಅದರ ಸುಮಾರು 3,00,000 ಪ್ರತಿಗಳು ಮೊದಲ ವರ್ಷದಲ್ಲಿಯೇ ಅಮೆರಿಕದಲ್ಲಿ ಮಾರಾಟವಾದವು. ಅದನ್ನು ಮನೆಯಲ್ಲಿಟ್ಟುಕೊಂಡಿದ್ದ ಅಪರಾಧಕ್ಕಾಗಿ 1857ರಲ್ಲಿ ಮೇರಿಲೆಂಡಿನ ಸ್ಯಾಮ್ಯುಯಲ್ ಗ್ರೀನ್ ಎಂಬ ಸ್ವತಂತ್ರ ಕಪ್ಪುಜನಾಂಗದವನಿಗೆ 10 ವರ್ಷಗಳ ಸೆರೆಮನೆಯ ಶಿಕ್ಷೆಯಾಯಿತು.

ಗ್ರಂಥದ ಟಾಮ್ ವಿಶಾಲವಾದ ಎದೆಯ, ದೃಢಕಾಯನಾದ ಪುರುಷ. ಎಳೆಯ ಮಕ್ಕಳ ತಂದೆ. ಗುಲಾಮಸ್ತ್ರೀಯೊಬ್ಬಳನ್ನು ಚಾವಟಿಯಿಂದ ಹೊಡೆಯೆಂಬ ಒಡೆಯ ಲೆಗ್ರೀಯ ಆಜ್ಞೆಯನ್ನು ಅವನು ನಿರಾಕರಿಸುತ್ತಾನೆ. ಕ್ಯಾಸಿ ಮತ್ತು ಎಮೆಲೀನ್ ಎಂಬಿಬ್ಬರು ಸ್ತ್ರೀಯರು ಅಡಗಿರುವುದು ತಿಳಿದಿದ್ದರೂ ಹೇಳದೆ ಏಟು ತಿಂದು ಸಾಯುತ್ತಾನೆ.

ಅಂದಿನ ಗ್ರಂಥಸ್ವಾಮ್ಯದ ಕಾನೂನು ಕಾದಂಬರಿಯನ್ನು ನಾಟಕವಾಗಿಸುವ ಹಕ್ಕನ್ನು ಲೇಖಕರಿಗೆ ಕೊಟ್ಟಿರಲಿಲ್ಲ. ಅನುಮತಿಯಿಲ್ಲದ ಜರ್ಮನ್ ಭಾಷಾಂತರದ ವಿರುದ್ಧ ಶ್ರೀಮತಿ ಸ್ಟೋ ಹೂಡಿದ ದಾವೆಯೂ 1853ರಲ್ಲಿ ಸೋತಿತು. ನಾಟಕೀಕರಣ, ಭಾಷಾಂತರಗಳ ಹಕ್ಕನ್ನು ಲೇಖಕರು ತಮ್ಮಲ್ಲಿಯೇ ಉಳಿಸಿಕೊಳ್ಳಲು ಅವಕಾಶ ದೊರೆತುದು 1870ರ ಶಾಸನದಿಂದ. ಅಷ್ಟರಲ್ಲಿ ಕಥೆಯು ರಂಗದ ಪಾಲಾಗಿತ್ತು. 1852ರಲ್ಲಿಯೇ ಜಾರ್ಜ್ ಏಕೆನ್ ರಚಿಸಿದ ರಂಗರೂಪ ಜನಪ್ರಿಯವಾಯಿತು. ಮುಂದೆ ಊರೂರು ತಿರುಗಿದ ಮಂಡಳಿಗಳು ಎಲೈಜಾ ಮಂಜುಗಟ್ಟಿದ ನದಿಯನ್ನು ದಾಟುವ ದೃಶ್ಯಕ್ಕೆ, ಗ್ರಂಥದ ಆ ಸನ್ನಿವೇಶದಲ್ಲಿಲ್ಲದ ಬೇಟೆನಾಯಿಗಳನ್ನು ಸೇರಿಸಿದವು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಟಾಮನನ್ನು ನರೆತ ತಲೆಯ, ಬೆನ್ನು ಬಾಗಿದ, ವಿಧೇಯನಾದ ಮುದುಕನನ್ನಾಗಿಸಿದರು. ಆ ಪಾತ್ರವು ಗಂಭೀರ ರಂಗಪ್ರಯೋಗದಲ್ಲಿ ಕಪ್ಪುಜನಾಂಗದ ನಟನಿಗೆ ದೊರೆತುದು 1878ರಲ್ಲಿ. ಆ ನಟ ಸ್ಯಾಮ್ ಲ್ಯೂಕಾಸ್. 1914ರ ಚಲಚ್ಚಿತ್ರದಲ್ಲಿಯೂ ಅವನೇ ಟಾಮನಾದನು. ಗ್ರಂಥವನ್ನು ಓದದ ಅಸಂಖ್ಯ ಜನರು ಅರಿತ ಟಾಮ್ ರಂಗದ ಮುದುಕನೇ ಆಗಿದ್ದನು.

ಹಾಗೆಂದು ದೋಷವೆಲ್ಲವನ್ನೂ ರಂಗದ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾದಂಬರಿಯ ಜಾರ್ಜ್ ಹ್ಯಾರಿಸ್ ಕೊನೆಗೆ ಅಮೆರಿಕವನ್ನು ತೊರೆದು ಲೈಬೀರಿಯಕ್ಕೆ ಹೊರಡುತ್ತಾನೆ. ಕಪ್ಪುಜನರನ್ನು ಆಫ್ರಿಕಕ್ಕೆ ಕಳುಹಿಸಬೇಕೆಂಬ ವಾದವನ್ನು, ಗ್ರಂಥವನ್ನು ಮೆಚ್ಚಿದ ಫ್ರೆಡರಿಕ್ ಡಗ್ಲಸ್ ಅವರೂ 1853ರಲ್ಲಿ ಲೇಖಕಿಗೆ ಬರೆದ ಪತ್ರದಲ್ಲಿ ಒಪ್ಪಲಿಲ್ಲ. 1949ರಲ್ಲಿ ಜೇಮ್ಸ್ ಬಾಲ್ಡ್ವಿನ್ ಕಾದಂಬರಿಯ ಭಾವಾತಿರೇಕವನ್ನೇ ಖಂಡಿಸಿ, ಅದು ಟಾಮನ ಮನುಷ್ಯತ್ವವನ್ನು ಕುಗ್ಗಿಸಿತೆಂದು ವಾದಿಸಿದರು. ಈ ಆಕ್ಷೇಪಣೆ ತೂಕವುಳ್ಳದ್ದು. ಆದರೆ ಅದು ಗ್ರಂಥವನ್ನು ಓದಿ ಎತ್ತಿದ ಆಕ್ಷೇಪಣೆ. ಬೈಗುಳವು ಬಹುಮಟ್ಟಿಗೆ ರಂಗದಿಂದ ಬಂದುದು.

ಇತಿಹಾಸದ ವಿದ್ಯಾರ್ಥಿಗೆ ಕಾದಂಬರಿಯು 1852ರ ಸಾಕ್ಷ್ಯ; ಒಂದೊಂದು ರೂಪಾಂತರವೂ ತನ್ನ ಕಾಲದ ಸಾಕ್ಷ್ಯ. ಗುಲಾಮಗಿರಿಯು 1865ರಲ್ಲಿ ಕಾನೂನಿನಂತೆ ಅಳಿದ ಮೇಲೂ ಪ್ರೇಕ್ಷಕರು ಎಂತಹ ಟಾಮನನ್ನು ಕಾಣಬಯಸಿದರೆಂಬುದನ್ನು ರಂಗದ ಆ ಮುದುಕನೇ ತಿಳಿಸುತ್ತಾನೆ. ಇವೆರಡನ್ನೂ ಬೆರೆಸಿದರೆ ಬಾಯಿಬಿಡದೆ ಸತ್ತವನಿಗೆ ದ್ರೋಹಿಯ ಹೆಸರು ಅಂಟಿಕೊಂಡೇ ಇರುವುದು.