ಮುಖಗವಸಿನ ಮೇಲಂಚು

ಮುಖಗವಸು ತಡೆಯುವುದು ಬಾಯಿ ಮೂಗಿನ ಮುಂದಿನ ಗಾಳಿಯನ್ನು. ಅದರಿಂದಾಗುವ ತೊಂದರೆ ಹುಟ್ಟುವುದು ಕಣ್ಣಿನ ಕೆಳಗೆ, ಬಟ್ಟೆಯ ಮೇಲಂಚಿನಲ್ಲಿ. ಅಂಚು ಮೂಗಿನ ದಂಡೆಗೆ ಸರಿಯಾಗಿ ಕೂರದಿದ್ದರೆ, ಬಿಟ್ಟ ಉಸಿರು ಆ ಸಂದಿಯಿಂದ ಮೇಲಕ್ಕೆ ಹೊರಟು ಕಣ್ಣುಗುಡ್ಡೆಯ ಮೇಲೆ ಹಾಯುತ್ತದೆ. ಕನ್ನಡಕ ಹಾಕಿದವರಿಗೆ ಗಾಜು ಮಬ್ಬಾದ ಕೂಡಲೇ ಇದು ತಿಳಿಯುತ್ತದೆ. ಹಾಕದವರಿಗೆ ತಿಳಿಯುವುದು ಸಂಜೆ, ಕಣ್ಣಿನಲ್ಲಿ ಮರಳು ಹೊಯ್ದ ಹಾಗೆ ಕಿರಕಿರಿ ಶುರುವಾದ ಮೇಲೆ. ಈ ತೊಂದರೆಗೆ ವೈದ್ಯರ ನಡುವೆ ಒಂದು ಹೆಸರು ಬಂದದ್ದು 2020ರಲ್ಲಿ. ಆಸ್ಪತ್ರೆಗೆ ಮುಖಗವಸು ಬಂದು ಅಷ್ಟು ಹೊತ್ತಿಗೆ 120 ವರ್ಷ ದಾಟಿತ್ತು.

ಕಣ್ಣಿನ ಮೇಲೆ ಸದಾ ಕಣ್ಣೀರಿನ ಒಂದು ತೆಳು ಪೊರೆ ಹರಡಿಕೊಂಡಿರುತ್ತದೆ. ಅದರಲ್ಲಿ ಲೋಳೆ, ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಪದರ. ಎಣ್ಣೆ ಬರುವುದು ರೆಪ್ಪೆಯ ಅಂಚಿನ ಗ್ರಂಥಿಗಳಿಂದ. ಜರ್ಮನಿಯ ಹೈನ್ರಿಕ್ ಮೈಬೋಮ್ 1666ರಲ್ಲಿ ಅವನ್ನು ವಿವರಿಸಿದ್ದರಿಂದ ಅವಕ್ಕೆ ಆತನದೇ ಹೆಸರು. ರೆಪ್ಪೆ ಬಡಿದಾಗಲೆಲ್ಲ ಪೊರೆ ಹೊಸದಾಗುತ್ತದೆ. ಗಾಳಿ ಜೋರಾದರೆ, ದಿಟ್ಟಿಸಿ ನೋಡುವ ಕೆಲಸದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾದರೆ ಅದು ಬೇಗ ಆರಿ ಒಡೆಯುತ್ತದೆ. ಉಸಿರಿನಲ್ಲಿ ತೇವ ಇದೆಯಲ್ಲ, ಅದು ಕಣ್ಣನ್ನು ಹೇಗೆ ಒಣಗಿಸೀತು ಎಂಬ ಪ್ರಶ್ನೆ ಸಹಜ. ತೇವಕ್ಕಿಂತ ಗಾಳಿಯ ಓಟವೇ ಇಲ್ಲಿ ಮುಖ್ಯ ಎಂಬುದು ಈಗ ಹೆಚ್ಚಿನವರು ಒಪ್ಪಿರುವ ವಿವರಣೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕಣ್ಣುರಿಗೆ ಕಾರಣ ಹುಡುಕಿಕೊಂಡು ಯಾರೂ ದೂರ ಹೋಗಬೇಕಿರಲಿಲ್ಲ. ಪಶ್ಚಿಮಘಟ್ಟದ ಮಳೆನೆರಳಿನ ಈ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳ ಸಾಲಿನಲ್ಲಿವೆ. ಘಟ್ಟದಲ್ಲಿ ಮಳೆ ಸುರಿಸಿ ಬರಿಗೈಯಾದ ಮಾರುತ ಇಲ್ಲಿಗೆ ತರುವುದು ಬರೀ ಗಾಳಿಯನ್ನು. ಆಷಾಢದಲ್ಲಿ ಅದರ ಜೋರು ಎಷ್ಟೆಂದರೆ ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಈಗ ಗಾಳಿಯಂತ್ರಗಳು ನಿಂತಿವೆ. ಚಳ್ಳಕೆರೆಗೆ ಹೆಸರು ತಂದ ಶೇಂಗಾ ಎಣ್ಣೆ ಮಿಲ್ಲುಗಳಲ್ಲಿ ಸಿಪ್ಪೆಯ ಧೂಳು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರು ಗುಂಡಿ ಮಗ್ಗದ ಮುಂದೆ ಕೂತು ಕೂದಲಿಗಿಂತ ಸಣ್ಣ ಎಳೆಗಳನ್ನು ದಿನವಿಡೀ ದಿಟ್ಟಿಸುವವರು. ಧೂಳೆದ್ದಾಗ ಗಂಡಸರು ಟವೆಲನ್ನು, ಹೆಂಗಸರು ಸೆರಗನ್ನು ಮೂಗಿಗೆ ಅಡ್ಡ ಹಿಡಿಯುವುದು ಇಲ್ಲಿ ಮಾಸ್ಕಿಗಿಂತ ಹಳೆಯ ರೂಢಿ. ಕಣ್ಣು ಉರಿದರೆ ನೆತ್ತಿಗೆ ಹರಳೆಣ್ಣೆ ತಟ್ಟುವುದು, ರೆಪ್ಪೆಯ ಮೇಲೆ ನಂದಿಬಟ್ಟಲು ಹೂವಿಡುವುದು ಬಯಲುಸೀಮೆಯ ಮನೆಮದ್ದು.

ಒಣಗಣ್ಣನ್ನು ರೋಗವೆಂದು ಗುರುತಿಸಿದ್ದು ಹೊಸದೇನಲ್ಲ. ಸುಶ್ರುತ ಸಂಹಿತೆ ಎಣಿಸುವ 76 ಕಣ್ಣಿನ ರೋಗಗಳಲ್ಲಿ ಶುಷ್ಕಾಕ್ಷಿಪಾಕ ಒಂದು. ರೆಪ್ಪೆ ಒರಟಾಗಿ, ಕಣ್ಣು ತೆರೆಯಲು ಕಷ್ಟವಾಗುವ ಅದನ್ನು ಸಂಹಿತೆ ವಾತದ ಲೆಕ್ಕಕ್ಕೆ ಸೇರಿಸಿ ತುಪ್ಪದ ಉಪಚಾರ ಹೇಳುತ್ತದೆ. ಎಣ್ಣೆಯ ಪದರದ ಮಾತು ತಿಳಿದ ಇಂದಿನವರಿಗೆ ಆ ತುಪ್ಪ ಕುತೂಹಲ ಹುಟ್ಟಿಸೀತು, ಆದರೆ ಅದರಿಂದ ಹೆಚ್ಚಿನದನ್ನು ಎಳೆಯಬಾರದು. 20ನೇ ಶತಮಾನದ ವೈದ್ಯರು ಬರಪೀಡಿತ ಹಳ್ಳಿಗಳಲ್ಲಿ ಹೆದರಿದ್ದು ಬೇರೊಂದು ಒಣಗಣ್ಣಿಗೆ. ಎ ಜೀವಸತ್ವ ಸಾಲದ ಮಕ್ಕಳಲ್ಲಿ ಮೊದಲು ಇರುಳುಗುರುಡು, ಆಮೇಲೆ ಕಣ್ಣು ಒಣಗಿ ಕರಿಗುಡ್ಡೆಯೇ ಕರಗಿಹೋಗುವ ರೋಗ ಅದು. 1970ರಲ್ಲಿ ದೇಶದಾದ್ಯಂತ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಶುರುವಾಯಿತು. ದೊಡ್ಡವರ ಕಣ್ಣಿನ ಬರೀ ಕಿರಕಿರಿಗೆ ಆ ಕಾಲದಲ್ಲಿ ಸಿಕ್ಕ ಗಮನ ಅಷ್ಟಕ್ಕಷ್ಟೆ.

ಮುಖಗವಸಿನ ಕಥೆ ಯೂರೋಪಿನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತೊಡಗುತ್ತದೆ. ಮಾತನಾಡುವಾಗ ಹಾರುವ ಸಣ್ಣ ಹನಿಗಳಲ್ಲಿ ರೋಗಾಣು ಇರುತ್ತವೆ ಎಂದು ಕಾರ್ಲ್ ಫ್ಲುಗ್ಗೆ ತೋರಿಸಿದ ಬೆನ್ನಲ್ಲೇ, 1897ರಲ್ಲಿ ಬ್ರೆಸ್ಲಾವ್ ನಗರದ ಯೋಹಾನ್ ಮಿಕುಲಿಚ್ ಒಂದು ಪದರದ ಗಾಜ್ ಬಟ್ಟೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡಿದ. ಅದೇ ವರ್ಷ ಪ್ಯಾರಿಸ್ಸಿನ ಪೌಲ್ ಬೆರ್ಜೆ ಆರು ಪದರದ ಬಟ್ಟೆ ಬಳಸಿದ. ಅದರ ಕೆಳಅಂಚನ್ನು ಆತ ತನ್ನ ಏಪ್ರನ್ನಿಗೇ ಹೊಲಿಸಿದ್ದ. ಮೇಲಂಚನ್ನು ಮೂಗಿನ ಬುಡಕ್ಕೆ ಒತ್ತಿ ದಾರ ಕಟ್ಟುತ್ತಿದ್ದ. ಅದೆಲ್ಲ ರೋಗಿಯ ಗಾಯಕ್ಕೆ ವೈದ್ಯನ ಎಂಜಲು ಬೀಳಬಾರದೆಂಬ ಕಾಳಜಿ. ತೊಟ್ಟವನ ಸುಖದುಃಖ ಲೆಕ್ಕದಲ್ಲಿ ಇರಲಿಲ್ಲ.

ಅದರ ಮರುವರ್ಷ, 1898ರಲ್ಲಿ, ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು. ಸೋಂಕು ಬೆಂಗಳೂರಿಗೆ ಮುಟ್ಟಿದ್ದು ರೈಲಿನ ದಾರಿಯಲ್ಲಿ. ವಿ. ಪಿ. ಮಾಧವರಾವ್ ಪ್ಲೇಗ್ ಕಮಿಷನರ್ ಆಗಿ ಕೆಲಸ ಮಾಡಿದ ಆ ಕಾಲದ ಮುಖ್ಯ ಕ್ರಮಗಳೆಂದರೆ ರೋಗಿಗಳನ್ನು ಬೇರೆ ಇಡುವುದು, ಮನೆಗಳನ್ನು ಶುದ್ಧಗೊಳಿಸುವುದು, ಊರು ಬಿಡಿಸುವುದು, ಹಾಫ್ಕಿನ್ ಲಸಿಕೆ. ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆದ ನೆನಪು ಕನ್ನಡ ನಾಡಿನ ಅನೇಕ ಹಳ್ಳಿಗಳಲ್ಲಿ ತಲೆಮಾರುಗಳ ತನಕ ಉಳಿದಿತ್ತು. ಇಲಿ, ಚಿಗಟಗಳಿಂದ ಹರಡುವ ಗಡ್ಡೆ ಪ್ಲೇಗಿಗೆ ಬಾಯಿಬಟ್ಟೆಯಿಂದ ದೊಡ್ಡ ಪ್ರಯೋಜನವೂ ಇರುತ್ತಿರಲಿಲ್ಲ.

ಉಸಿರಿನಿಂದಲೇ ಹರಡುವ ಶ್ವಾಸಕೋಶದ ಪ್ಲೇಗ್ 1910ರ ಕೊನೆಗೆ ಮಂಚೂರಿಯದಲ್ಲಿ ಎದ್ದಾಗ ಮುಖಗವಸಿನ ದಿಕ್ಕೇ ತಿರುಗಿತು. ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್‌ತೆ ಹತ್ತಿ, ಗಾಜ್ ಪದರಗಳ ಮುಖಗವಸನ್ನು ರೋಗಿಯಿಂದ ವೈದ್ಯರನ್ನು ಕಾಪಾಡಲು ತೊಡಿಸಿದ. ಅದನ್ನು ಬೇಡವೆಂದ ಫ್ರೆಂಚ್ ವೈದ್ಯ ಮೆಸ್ನಿ ಕೆಲವೇ ದಿನಗಳಲ್ಲಿ ಪ್ಲೇಗಿನಿಂದಲೇ ಸತ್ತ. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ಕೆಲವು ನಗರಗಳು ಜನಸಾಮಾನ್ಯರಿಗೂ ಮುಖಗವಸು ಕಡ್ಡಾಯ ಮಾಡಿದವು. ಮೈಸೂರು ಸಂಸ್ಥಾನವೂ ಆ ಜ್ವರದಲ್ಲಿ ಬಹಳ ಜನರನ್ನು ಕಳೆದುಕೊಂಡಿತು.

ಮುಂದಿನ ನೂರು ವರ್ಷ ನಮ್ಮಲ್ಲಿ ಮುಖಗವಸು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯ ಕೋಣೆಯ ಒಳಗೇ ಉಳಿಯಿತು. ಒಗೆದು, ಕುದಿಸಿ, ಮತ್ತೆ ಕಟ್ಟಿಕೊಳ್ಳುವ ಗಾಜ್ ಬಟ್ಟೆಯ ಜಾಗಕ್ಕೆ ಒಮ್ಮೆ ಬಳಸಿ ಎಸೆಯುವ ಮಾಸ್ಕ್ ನಿಧಾನವಾಗಿ ಬಂತು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ಕಡೆ, ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಕೊಂಡೊಯ್ದ ನೇತ್ರ ಶಿಬಿರಗಳಲ್ಲಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆಯಲಾಯಿತು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಂತೂ ವೈದ್ಯರ ಗಮನವೆಲ್ಲ ರೋಗಿಯ ಕಣ್ಣಿನ ಮೇಲೆ. ಮೇಲಕ್ಕೆ ಸೋರುವ ಉಸಿರು ತನ್ನ ಕಣ್ಣಿಗೆ ಏನು ಮಾಡುತ್ತಿದೆ ಎಂದು ವೈದ್ಯ ಯೋಚಿಸಿದ್ದರೂ ಅದು ದಾಖಲಿಸುವಂಥ ವಿಷಯ ಅನ್ನಿಸಿರಲಾರದು. ಮಾಸ್ಕ್ ತೊಡುವುದು ತಾಸೆರಡು ತಾಸು. ಹೊರಗೆ ಬಂದು ಮುಖ ತೊಳೆದರೆ ಮುಗಿಯಿತು.

2020ರ ಮಾರ್ಚಿನಲ್ಲಿ ಆ ತಾಸೆರಡು ತಾಸು ಇಡೀ ಪಾಳಿಯಾಯಿತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆದದ್ದು ಆ ತಿಂಗಳಲ್ಲೇ. ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಮೊದಲ ವಾರಗಳಲ್ಲಿ ರಕ್ಷಾಕವಚಗಳೇ ಸಾಲದೆ, ಕೆಲವೇ ತಿಂಗಳಲ್ಲಿ ಬೆಂಗಳೂರು ಅವುಗಳ ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಕೋವಿಡ್ ವಾರ್ಡಿನಲ್ಲಿ ಎನ್‌95, ಅದರ ಮೇಲೆ ಕನ್ನಡಕ, ಮೇಲೊಂದು ಮುಖಪರದೆ. ಒಮ್ಮೆ ತೊಟ್ಟರೆ ಪಾಳಿ ಮುಗಿಯುವ ತನಕ ಕಣ್ಣು ಮುಟ್ಟುವ ಹಾಗಿಲ್ಲ, ಹನಿ ಬಿಡುವ ಹಾಗೂ ಇಲ್ಲ. ಹಳ್ಳಿಗಳಲ್ಲಿ ಈ ಭಾರ ಬಿದ್ದದ್ದು ಹೆಚ್ಚಾಗಿ ಆಶಾ ಕಾರ್ಯಕರ್ತೆಯರ ಮೇಲೆ. ರಾಜ್ಯದ ಸುಮಾರು 42,000 ಆಶಾಗಳು ಮನೆಮನೆ ಸಮೀಕ್ಷೆಗೆ ಹೊರಟರು. 2020ರ ಜುಲೈನಲ್ಲಿ ಅವರು ಮುಷ್ಕರ ಹೂಡಿದಾಗ 12,000 ರೂಪಾಯಿ ಗೌರವಧನದ ಜೊತೆಗೆ ಕೇಳಿದ್ದು ರಕ್ಷಣಾ ಸಾಮಗ್ರಿಯನ್ನು. ಮಾಸ್ಕೇ ಸಾಲದ ಕಾಲದಲ್ಲಿ ಮಾಸ್ಕಿನಿಂದ ಕಣ್ಣು ಉರಿಯುತ್ತದೆ ಎಂಬ ದೂರಿಗೆ ಎಲ್ಲಿಯ ಜಾಗ? ಬಯಲುಸೀಮೆಯ ಜುಲೈ ಎಂದರೆ ಗಾಳಿಯ ತಿಂಗಳು ಬೇರೆ. ಉರಿಯನ್ನು ಧೂಳಿನ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಅದೇ ವರ್ಷ ಅಮೆರಿಕದ ಒಹಾಯೊದ ಕಣ್ಣಿನ ವೈದ್ಯ ಡ್ಯಾರೆಲ್ ವೈಟ್ ಮುಖಗವಸಿನಿಂದ ಬರುವ ಒಣಗಣ್ಣಿನ ಬಗ್ಗೆ ಬರೆದು ಅದಕ್ಕೆ ಹೆಸರಿಟ್ಟರು. ಬೇರೆ ಬೇರೆ ದೇಶಗಳ ಅಧ್ಯಯನಗಳು ಬೆನ್ನಿಗೆ ಬಂದವು. ಮೊದಲೇ ಒಣಗಣ್ಣು ಇದ್ದವರಿಗೆ, ಹೆಚ್ಚು ಹೊತ್ತು ಮಾಸ್ಕ್ ತೊಡುವವರಿಗೆ, ಗಂಡಸರಿಗಿಂತ ಹೆಂಗಸರಿಗೆ ತೊಂದರೆ ಜಾಸ್ತಿ ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಂಡಿತು. ದಾದಿಯರು, ಆಶಾಗಳು, ಪ್ರಯೋಗಾಲಯದ ಸಿಬ್ಬಂದಿಯಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಉಸಿರಿನ ಗಾಳಿಯೊಂದೇ ಕಾರಣವೂ ಅಲ್ಲ. ಬಿಗಿಯಾದ ಮಾಸ್ಕ್ ಅಥವಾ ತಪ್ಪಾಗಿ ಅಂಟಿಸಿದ ಟೇಪು ಕೆಳರೆಪ್ಪೆಯನ್ನು ಎಳೆದು ಕಣ್ಣು ಪೂರ್ತಿ ಮುಚ್ಚದಂತೆ ಮಾಡುತ್ತದೆ. ಹವಾನಿಯಂತ್ರಿತ ಕೋಣೆ, ಕಂಪ್ಯೂಟರಿನಲ್ಲಿ ತುಂಬುವ ವರದಿ, ನಿದ್ದೆಗೇಡು ಇವೂ ಸೇರುತ್ತವೆ.

ಪರೀಕ್ಷೆ ಮಾತ್ರ ಹಳೆಯದೇ. ಒಟ್ಟೊ ಶಿರ್ಮರ್ 1903ರಲ್ಲಿ ವಿವರಿಸಿದ ಹೀರುಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆಯಾದರೆ ಅನುಮಾನ, 5ಕ್ಕಿಂತ ಕಡಿಮೆಯಾದರೆ ಒಣಗಣ್ಣು ತೀವ್ರ. ಮಾಸ್ಕಿನ ತೊಂದರೆಯಲ್ಲಿ ಕಣ್ಣೀರು ಸಾಕಷ್ಟು ಬರುತ್ತಿದ್ದೂ ಬೇಗ ಆರುವುದರಿಂದ, ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಪರಿಹಾರ ಬೆರ್ಜೆ ದಾರ ಕಟ್ಟಿದ ಜಾಗದಲ್ಲೇ ಇದೆ. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿ ಕೂರಿಸುವುದು, ಬೇಕಾದರೆ ರೆಪ್ಪೆಯನ್ನು ಎಳೆಯದಂತೆ ಅಂಚಿಗೆ ಟೇಪು ಹಾಕುವುದು, ಪಾಳಿಯ ಮುಂಚೆ ಮತ್ತು ಆಮೇಲೆ ಸಂರಕ್ಷಕ ಬೆರೆಸದ ಕೃತಕ ಕಣ್ಣೀರಿನ ಹನಿ, ಆಗಾಗ ಬೇಕೆಂದೇ ರೆಪ್ಪೆ ಬಡಿಯುವುದು. ಚಳ್ಳಕೆರೆಯಂಥ ಒಣ ಸೀಮೆಯಲ್ಲಿ ಗಾಳಿ, ಧೂಳು, ಮಾಸ್ಕ್ ಮೂರೂ ಒಂದೇ ಉರಿ ತರುವುದರಿಂದ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ರಜೆಯ ದಿನ ಕಣ್ಣು ಹೇಗಿರುತ್ತದೆ? ರಜೆಯಲ್ಲಿ ಹಗುರಾಗಿ ಪಾಳಿಯ ದಿನ ಮರಳುವ ಉರಿಯಾದರೆ ಮೊದಲು ನೋಡಬೇಕಾದದ್ದು ಮಾಸ್ಕಿನ ಅಂಚನ್ನು.