ಸೊಪ್ಪಿನಬೆಟ್ಟ: ತೋಟದ ಬೆಲೆಯೂ ಕಾಡಿನ ಬಾಳೂ

ಭೂಮಿಯ ಬೆಲೆಯನ್ನು ಕಟ್ಟುವಾಗ ನಾವು ಅದರ ವಿಸ್ತಾರವನ್ನೂ ಫಸಲನ್ನೂ ತೀರ್ವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಡಿಕೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಕೆ ತೋಟಗಳಿಗೆ ಈ ಲೆಕ್ಕವು ಸಾಲದು. ಅಲ್ಲಿ ತೋಟವಿರುವುದು ಕಣಿವೆಯಲ್ಲಿ. ಅದರ ಜೀವವಿರುವುದು ಮೇಲಿನ ಇಳಿಜಾರಿನ ಕಾಡಿನಲ್ಲಿ. ಆ ಕಾಡಿಗೆ ಜನರು ಸೊಪ್ಪಿನಬೆಟ್ಟವೆಂದು ಹೆಸರಿಟ್ಟಿರುವರು.

ಇದರ ಕಾರಣವು ಸರಳವಾದುದು. ಮಳೆಯ ಧಾರೆಯು ಮಣ್ಣಿನ ಸಾರವನ್ನು ತೊಳೆದೊಯ್ಯುವ ಆ ಸೀಮೆಯಲ್ಲಿ ಹಸಿಸೊಪ್ಪೂ ದರಕೂ ಇಲ್ಲದೆ ಅಡಕೆಯಾಗಲಿ, ಅದನ್ನು ಹಬ್ಬಿದ ಮೆಣಸಿನ ಬಳ್ಳಿಯಾಗಲಿ, ನೆರಳಿನ ಏಲಕ್ಕಿಯಾಗಲಿ ಚೆನ್ನಾಗಿ ಫಲಿಸವು. ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸಗಣಿಯೊಡನೆ ಕಳಿತು ಗೊಬ್ಬರವಾಗಿ, ತರುವಾಯ ಮರದ ಬುಡವನ್ನು ಸೇರುವುದು. 1801ರಲ್ಲಿ ಸೋದೆಯ ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಬುಕಾನನ್ನರು ಇಲ್ಲಿಯ ತೋಟಗಾರಿಕೆಯನ್ನು ತಮ್ಮ ಪ್ರವಾಸಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿರುವರು.

1862ರಲ್ಲಿ ಈ ಜಿಲ್ಲೆಯು ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1878ರ ಅರಣ್ಯ ಕಾಯಿದೆಯ ತರುವಾಯ ಕಾಡಿನ ಬಹುಭಾಗವು ಸರಕಾರದ ರಕ್ಷಿತಾರಣ್ಯವಾಯಿತು. ಸಾಗುವಾನಿಯ ಬೆಲೆಯನ್ನು ಬಲ್ಲ ಸರಕಾರಕ್ಕೂ ಸೊಪ್ಪಿನ ಬೆಲೆಯನ್ನು ಬಲ್ಲ ರೈತನಿಗೂ ವ್ಯಾಜ್ಯವೊದಗುವುದು ಸಹಜವೇ. ಆದರೂ ತೋಟವು ನಾಶವಾದರೆ ಕಂದಾಯವೂ ನಾಶವಾಗುವುದೆಂಬುದು ಅಧಿಕಾರಿಗಳಿಗೆ ತಿಳಿದಿತ್ತು. ಆದುದರಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ನೆಲೆಗೊಂಡಿತು. ಒಡೆತನವು ಸರಕಾರದ್ದೇ, ರೈತನದು ಸೊಪ್ಪು ಕಡಿಯುವ, ದರಕು ಒಟ್ಟುವ, ದನ ಮೇಯಿಸುವ ಸವಲತ್ತು ಮಾತ್ರ.

ಈ ಏರ್ಪಾಡಿನ ಗುಣದೋಷಗಳೆರಡನ್ನೂ ವಾಚಕರು ಗಮನಿಸಬೇಕು. ನಾಳೆಯೂ ಈ ಮರದಿಂದಲೇ ಸೊಪ್ಪು ಬರಬೇಕೆಂದು ಬಲ್ಲವನು ತುದಿಯನ್ನು ಉಳಿಸಿ ರೆಂಬೆಯನ್ನು ಸವರುವನು. ನಾಳೆಯ ಭರವಸೆಯಿಲ್ಲದವನು ಬೋಳಿಸುವನು. ಒಂದೇ ಊರಿನಲ್ಲಿ ಹಸುರಾದ ಬೆಟ್ಟವೂ ಬರಡಾದ ಬೆಟ್ಟವೂ ನೆರೆಹೊರೆಯಾಗಿ ಕಾಣಬರುವುದುಂಟು.

ದೋಷವು ಇದಕ್ಕಿಂತ ದೊಡ್ಡದು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ! ಕಾಡು ಸವರಿ, ಸುಟ್ಟು, ರಾಗಿ ಬಿತ್ತಿ, ಮುಂದಕ್ಕೆ ಸಾಗುತ್ತಿದ್ದ ಕುಮರಿ ಬೇಸಾಯಗಾರರಿಗೆ 1860ರಲ್ಲಿಯೇ ಸರಕಾರದ ನಿರ್ಬಂಧವು ತಗಲಿತ್ತು. ಅವರ ಹೊಲಕ್ಕೆ ದಫ್ತರದಲ್ಲಿ ಬೆಲೆಯಿರಲಿಲ್ಲ. ಅದರಿಂದ ಅವರ ಅನ್ನಕ್ಕೂ ಬೆಲೆಯಿಲ್ಲದಂತಾಯಿತು. ಕುಮರಿಯಿಂದ ಕಾಡಿಗೆ ಹಾನಿಯಾಗುತ್ತಿದ್ದುದುಂಟು. ಆದರೆ ಅನ್ನದ ಬೇರೆ ದಾರಿಯನ್ನು ತೋರಿಸದೆ ಹಾನಿಯನ್ನು ಮಾತ್ರ ಎಣಿಸುವುದು ನ್ಯಾಯವಲ್ಲ.

ಎಲ್ಲರಿಗೂ ಪಾಲುಂಟಾಗುವ ಮತ್ತೊಂದು ಮಾರ್ಗವು ಇದೇ ಜಿಲ್ಲೆಯ ಕರಾವಳಿಯಲ್ಲಿ ಕಂಡುಬಂದಿತು. ಕಾಲಿನ್ಸ್ ಎಂಬ ಅಧಿಕಾರಿಯ 1921ರ ವರದಿಯ ತರುವಾಯ ಕುಮಟೆಯ ಹತ್ತಿರದ ಹಳಕಾರ ಮೊದಲಾದ ಊರುಗಳಲ್ಲಿ ಗ್ರಾಮಾರಣ್ಯ ಪಂಚಾಯಿತಿಗಳು ಏರ್ಪಟ್ಟವು. ಊರವರೇ ಕಾವಲುಗಾರನನ್ನು ನೇಮಿಸಿ, ಸೌದೆಗೂ ಸೊಪ್ಪಿಗೂ ನಿಯಮ ಮಾಡಿ ಕಾಡನ್ನು ಉಳಿಸಿಕೊಂಡರು. 1979ರಲ್ಲಿ ಸರಕಾರವು ಈ ಪಂಚಾಯಿತಿಗಳನ್ನು ಮುಚ್ಚಲು ಆಜ್ಞಾಪಿಸಿದಾಗ ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕರು. ನಾಲ್ಕು ವರ್ಷಗಳ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಘಟ್ಟದ ಮೇಲಿನ ಸಾಲ್ಕಣಿಯ ಜನರು ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಕಾಡನ್ನು ಕಾಯಲು ನಿಂತವರು ಆ ಕಾಡಿನ ನೆರಳಿನಲ್ಲಿ ಬೇಸಾಯ ಮಾಡಿ ಬದುಕುವವರೇ ಎಂಬುದು ವಿಚಾರಾರ್ಹವಾಗಿದೆ.

ಹೊಲವು ಕಾಡಿನ ಶತ್ರುವೆಂಬ ಮಾತು ಎಲ್ಲೆಡೆಯೂ ನಿಜವಲ್ಲ. ಕಾಡಿಲ್ಲದೆ ತನ್ನ ನೆಲಕ್ಕೆ ಬೆಲೆಯಿಲ್ಲವೆಂದು ಬಲ್ಲ ರೈತನು, ತನ್ನ ಹಕ್ಕು ಸ್ಥಿರವಾಗಿರುವಲ್ಲಿ, ಯಾವ ಪಹರೆಯವನಿಗಿಂತಲೂ ಮೇಲಾದ ಕಾವಲುಗಾರನು. ಆ ಹಕ್ಕಿನಲ್ಲಿ ತೋಟವಿಲ್ಲದವನಿಗೂ ಪಾಲು ದೊರೆತಂದೇ ಬೆಟ್ಟದ ಲೆಕ್ಕವು ಪೂರ್ಣವಾಗುವುದು.